ಪೆನ್ಸಿಲ್ ಕಡ್ಡಿಗೆ ಪಾಲಿಅನಿಲೀನ್ ಪದರ: ಬೆಳೆಸುವುದು, ಪರೀಕ್ಷಿಸುವುದು, ಗೇರುಹಣ್ಣಿನ ವಿಟಮಿನ್ ಸಿ ಅಳೆಯುವುದು

ವಿದ್ಯುತ್ ಹರಿಸುವ ಪಾಲಿಮರಿನ ಪದರವನ್ನು ಎಲೆಕ್ಟ್ರೋಡಿನ ಮೇಲೆ ಬೆಳೆಸುವುದು ದೊಡ್ಡ ಕಷ್ಟದ ಕೆಲಸ ಅಲ್ಲ. ಆಮ್ಲ, ಅನಿಲೀನ್, ಒಂದು ಪೆನ್ಸಿಲ್ ಕಡ್ಡಿ, ಸ್ವಲ್ಪ ಕರೆಂಟ್ ಇದ್ದರೆ ಕಾಲು ಗಂಟೆಯಲ್ಲಿ ಕಡ್ಡಿ ಹಸಿರಾಗುತ್ತದೆ. ಕಷ್ಟ ಇರುವುದು ಅದರ ನಂತರ. ಆ ಪದರ ನಿಜವಾಗಿಯೂ ವೇಗವರ್ಧಕವಾಗಿ ಕೆಲಸ ಮಾಡುತ್ತಿದೆಯಾ, ಇಲ್ಲ ಸುಮ್ನೆ ಕರೆಂಟ್ ಜಾಸ್ತಿ ತೋರಿಸುತ್ತಿದೆಯಾ? ಎಷ್ಟೋ ಪ್ರಾಜೆಕ್ಟ್ ವರದಿಗಳು ಈ ಪ್ರಶ್ನೆಯ ಹತ್ತಿರವೂ ಹೋಗುವುದಿಲ್ಲ. ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಡಿಗ್ರಿಗೋ ಎಂಎಸ್ಸಿಗೋ ಹೋದಾಗ ಒಮ್ಮೆಲೇ ಇಂಗ್ಲಿಷಿನ ರಸಾಯನಶಾಸ್ತ್ರಕ್ಕೆ ಬೀಳುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಳೆಯುವ ವಸ್ತುವನ್ನೂ ನಮ್ಮ ಗುಡ್ಡೆಯಿಂದಲೇ ಆರಿಸಿದ್ದೇನೆ: ಗೇರುಹಣ್ಣು. ಬೀಜ ತೆಗೆದ ಮೇಲೆ ಹಣ್ಣು ಹೆಚ್ಚಾಗಿ ಮರದ ಬುಡದಲ್ಲೇ ಕೊಳೆಯುತ್ತದೆ. ಅದರಲ್ಲಿರುವ ವಿಟಮಿನ್ ಸಿ ಕಿತ್ತಳೆಗಿಂತ ಎಷ್ಟೋ ಜಾಸ್ತಿ, 100 ಮಿ.ಲೀ. ರಸದಲ್ಲಿ 200 ಮಿ.ಗ್ರಾಂ ಆಸುಪಾಸು ಸಿಗುವುದು ಸಾಮಾನ್ಯ.

ಪದರ ಮಾಡುವ ಕೆಲಸ ಏನು

ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಎಲೆಕ್ಟ್ರೋಡಿಗೆ ಎರಡು ಎಲೆಕ್ಟ್ರಾನ್ ಕೊಟ್ಟು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾಗುತ್ತದೆ. ಬರಿ ಗ್ರಾಫೈಟಿನ ಮೇಲೆ ಇದು ನಿಧಾನ. ಬೇಗ ನಡೆಯಬೇಕಾದರೆ ವೋಲ್ಟೇಜನ್ನು ಬೇಕಾದ್ದಕ್ಕಿಂತ ಮೇಲಕ್ಕೆ ಏರಿಸಬೇಕು. ಪಾಲಿಅನಿಲೀನ್ ಮಧ್ಯೆ ಬಂದರೆ ದಾರಿ ಬದಲಾಗುತ್ತದೆ. ಪದರದ ಉತ್ಕರ್ಷಿತ ರೂಪ ಆಸ್ಕಾರ್ಬಿಕ್ ಆಮ್ಲದಿಂದ ಎಲೆಕ್ಟ್ರಾನ್ ತೆಗೆದುಕೊಂಡು ತಾನು ಅಪಕರ್ಷಿತ ರೂಪಕ್ಕೆ ಇಳಿಯುತ್ತದೆ. ಕೂಡಲೇ ಆ ಎಲೆಕ್ಟ್ರಾನನ್ನು ಕೆಳಗಿನ ಗ್ರಾಫೈಟಿಗೆ ದಾಟಿಸಿ ಮತ್ತೆ ಮೊದಲಿನ ರೂಪಕ್ಕೆ ಬರುತ್ತದೆ. ಮಾಡಿಗೆ ಹಂಚು ಹೊದೆಸುವಾಗ ಏಣಿಯ ಮೇಲಿನವರು ಕೈಯಿಂದ ಕೈಗೆ ಹಂಚು ದಾಟಿಸುತ್ತಾರಲ್ಲ, ಅದೇ ರೀತಿ. ದಾಟಿಸಿದವರ ಕೈ ಖಾಲಿಯಾಗಿ ಮುಂದಿನ ಹಂಚಿಗೆ ಸಿದ್ಧ.

ಇದರಿಂದ ಸಿಗುವ ಲಾಭ ಕಡಿಮೆ ವೋಲ್ಟೇಜಿನಲ್ಲಿ ಅದೇ ಕೆಲಸ. ಗೇರುಹಣ್ಣಿಗೆ ಇದೇ ಮುಖ್ಯ. ಆ ಹಣ್ಣಿನ ಚೊಗರಿಗೆ ಕಾರಣ ಟ್ಯಾನಿನ್. ಟ್ಯಾನಿನ್ ಕೂಡ ಎಲೆಕ್ಟ್ರೋಡಿನಲ್ಲಿ ಉತ್ಕರ್ಷಣೆಯಾಗುತ್ತದೆ, ಆದರೆ ಸ್ವಲ್ಪ ಮೇಲಿನ ವೋಲ್ಟೇಜಿನಲ್ಲಿ. ಬರಿ ಗ್ರಾಫೈಟಿನಲ್ಲಿ ಇವೆರಡೂ ಒಂದರ ಮೇಲೊಂದು ಬೀಳುತ್ತವೆ. ಪದರ ವಿಟಮಿನ್ ಸಿಯನ್ನು ಕೆಳಗೆ ಎಳೆದರೆ, ಟ್ಯಾನಿನ್ ಶುರುವಾಗುವ ಮೊದಲೇ ನಮ್ಮ ಅಳತೆ ಮುಗಿಯುತ್ತದೆ.

ಯಾಕೆ ಪಾಲಿಅನಿಲೀನ್?

ಇದು ಹಳೆಯ ವಸ್ತು. 1862ರಲ್ಲೇ ಲಂಡನ್ನಿನ ಹೆನ್ರಿ ಲೆಥೆಬಿ ಗಂಧಕಾಮ್ಲದಲ್ಲಿ ಅನಿಲೀನನ್ನು ವಿದ್ಯುತ್ತಿನಿಂದ ಉತ್ಕರ್ಷಿಸಿ ಪ್ಲಾಟಿನಮ್ ಮೇಲೆ ಕಡು ಹಸಿರು-ನೀಲಿ ಪದರ ಪಡೆದಿದ್ದರು. ಪಾಲಿಮರಿನಲ್ಲಿ ಲೋಹದಂತೆ ವಿದ್ಯುತ್ ಹರಿಯಬಹುದು ಅಂತ ಗಟ್ಟಿಯಾಗಿ ತಿಳಿದದ್ದು 1977ರಲ್ಲಿ, ಶಿರಾಕಾವಾ, ಮ್ಯಾಕ್‌ಡಿಯಾರ್ಮಿಡ್, ಹೀಗರ್ ಅವರು ಪಾಲಿಅಸಿಟಿಲೀನಿಗೆ ಅಯೋಡಿನ್ ಸೇರಿಸಿ ನೋಡಿದಾಗ. 2000ದಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಪಾಲಿಅನಿಲೀನಿನ ದೊಡ್ಡ ಅನುಕೂಲ ಬಣ್ಣ. ಪೂರ್ತಿ ಅಪಕರ್ಷಿತ ರೂಪ ತೆಳು ಹಳದಿ, ವಿದ್ಯುತ್ ಹರಿಸುವ ಮಧ್ಯದ ರೂಪ ಹಸಿರು, ಪೂರ್ತಿ ಉತ್ಕರ್ಷಿತವಾದದ್ದು ನೀಲಿ-ನೇರಳೆ. ಪದರ ಯಾವ ಸ್ಥಿತಿಯಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ದೊಡ್ಡ ಅನನುಕೂಲ ಒಂದಿದೆ: ಅದಕ್ಕೆ ಆಮ್ಲ ಬೇಕೇ ಬೇಕು. ಪಿಎಚ್ 4 ದಾಟಿದರೆ ವಾಹಕತೆ ಬೇಗ ಇಳಿಯುತ್ತದೆ. ಗೇರುಹಣ್ಣಿನ ರಸ ತಾನೇ ಹುಳಿ ಇರುವುದರಿಂದ ಈ ಕೆಲಸಕ್ಕೆ ತೊಂದರೆ ಇಲ್ಲ. ರಕ್ತ, ಹಾಲು ಮುಂತಾದ ತಟಸ್ಥ ದ್ರಾವಣದಲ್ಲಿ ಅಳೆಯಬೇಕಾದರೆ ಪೆಡಾಟ್ (PEDOT) ಅನ್ನುವ ಇನ್ನೊಂದು ವಾಹಕ ಪಾಲಿಮರಿನ ಪದರಕ್ಕೆ ಹೋಗಿ; ಅದು ತಟಸ್ಥ ಪಿಎಚ್‌ನಲ್ಲೂ ಚುರುಕಾಗಿರುತ್ತದೆ. ಮೊದಲ ಸಲ ಮಾಡುವವರಿಗೆ ಪಾಲಿಅನಿಲೀನೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ತಪ್ಪಿದರೆ ಎಲ್ಲಿ ತಪ್ಪಿತು ಅಂತ ಅದು ತೋರಿಸಿಕೊಡುತ್ತದೆ.

ಮೊದಲು ಎಚ್ಚರಿಕೆ

ಅನಿಲೀನ್ ವಿಷ. ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ತುಟಿ, ಉಗುರು ನೀಲಿಯಾಗುತ್ತವೆ, ತಲೆನೋವು ಬರುತ್ತದೆ. ಹಾಗಾಗಿ ಇದು ಮನೆಯ ಜಗಲಿಯಲ್ಲಿ ಮಾಡುವ ಪ್ರಯೋಗ ಅಲ್ಲ. ಕಾಲೇಜಿನ ಲ್ಯಾಬಿನಲ್ಲಿ, ಫ್ಯೂಮ್ ಹುಡ್ಡಿನ ಒಳಗೆ, ಮೇಷ್ಟ್ರು ಪಕ್ಕದಲ್ಲಿ ಇರುವಾಗಲೇ ಮಾಡಿ. ಲ್ಯಾಬಿನ ತೆಳು ಕೈಗವಸಿನ ಮೂಲಕವೂ ಅನಿಲೀನ್ ಒಳಗಿಳಿಯುತ್ತದೆ. ಹನಿ ಬಿದ್ದ ಗವಸನ್ನು ಒರೆಸಿ ಮುಂದುವರಿಯಬೇಡಿ, ಕೂಡಲೇ ತೆಗೆದು ಕೈ ತೊಳೆದು ಹೊಸದು ಹಾಕಿ. ಕನ್ನಡಕ ಕಡ್ಡಾಯ. ಗಂಧಕಾಮ್ಲವನ್ನು ಯಾವಾಗಲೂ ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಅಲ್ಲ.

ನೀರು

ಕಾಸರಗೋಡಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಕನ್ನಡಿಯ ಹಾಗೆ ತಿಳಿ, ಕುಡಿಯಲು ಸಿಹಿ. ಆದರೆ ಮುರಕಲ್ಲಿನ ನಡುವೆ ಇಳಿದು ಬಂದ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ಕರಾವಳಿಗೆ ಹತ್ತಿರದ ಬಾವಿಯಲ್ಲಿ ಉಪ್ಪಿನ ಅಂಶ ಸೇರುತ್ತದೆ. ಕಬ್ಬಿಣ, ತಾಮ್ರದ ಸಣ್ಣ ಅಂಶವೂ ವಿಟಮಿನ್ ಸಿಯನ್ನು ಗಾಳಿಯಲ್ಲೇ ಬೇಗ ಹಾಳು ಮಾಡುತ್ತದೆ. ಆಗ ನಿಮ್ಮ ಪ್ರಮಾಣಿತ ದ್ರಾವಣವೇ ಗಂಟೆಗಂಟೆಗೆ ಇಳಿಯುತ್ತಾ ಹೋಗುತ್ತದೆ, ತಪ್ಪು ಮಾತ್ರ ಪದರದ ತಲೆಗೆ ಬರುತ್ತದೆ. ಗಾಜಿನ ಪಾತ್ರೆಯಲ್ಲಿ ಎರಡು ಸಲ ಬಟ್ಟಿ ಇಳಿಸಿದ ನೀರನ್ನೇ ಎಲ್ಲದಕ್ಕೂ ಬಳಸಿ, ಕೊನೆಯ ತೊಳೆಯುವಿಕೆಗೂ.

ಕಡ್ಡಿಯನ್ನು ಸಿದ್ಧಮಾಡುವುದು

ಮೆಕ್ಯಾನಿಕಲ್ ಪೆನ್ಸಿಲಿನ 0.7 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ, 2ಬಿ ಅಥವಾ ಎಚ್‌ಬಿ. ಮರದ ಪೆನ್ಸಿಲಿನ ಕಡ್ಡಿಯೂ ಆಗುತ್ತದೆ, ಆದರೆ ಅದರಲ್ಲಿ ಜೇಡಿಮಣ್ಣು, ಮೇಣ ಎಲ್ಲಾ ಇರುತ್ತದೆ; ಒಂದು ಕಡ್ಡಿಯ ಹಾಗೆ ಇನ್ನೊಂದು ಇರುವುದಿಲ್ಲ.

ಕಡ್ಡಿಯನ್ನು ನಯವಾದ ಬಿಳಿ ಕಾಗದದ ಮೇಲೆ ಮೆಲ್ಲಗೆ ಉರುಳಿಸಿ ಉಜ್ಜಿ, ಎಥನಾಲಿನಲ್ಲಿ ಅದ್ದಿ, ನೀರಿನಲ್ಲಿ ತೊಳೆದು ಒಣಗಿಸಿ. ತುದಿಯಿಂದ 10 ಮಿ.ಮೀ. ಬಿಟ್ಟು ಅದರ ಮೇಲಿನ ಭಾಗಕ್ಕೆ ಉಗುರುಬಣ್ಣ ಹಚ್ಚಿ ಒಣಗಲು ಬಿಡಿ. ಈ ಗೆರೆ ಬಹಳ ಮುಖ್ಯ. ಗೆರೆ ಇಲ್ಲದಿದ್ದರೆ ದ್ರಾವಣ ಕಡ್ಡಿಯ ಉದ್ದಕ್ಕೂ ತೇವವಾಗಿ ಹತ್ತುತ್ತದೆ, ಎಷ್ಟು ಮುಳುಗಿತು ಅಂತ ಹೇಳಲಾಗುವುದಿಲ್ಲ.

ವಿಸ್ತೀರ್ಣದ ಲೆಕ್ಕ: ಸುತ್ತಿನ ಮೈ 3.14 × 0.7 × 10, ಅಂದರೆ 22 ಚದರ ಮಿ.ಮೀ. ತುದಿಯ ವೃತ್ತ ಸುಮಾರು 0.4. ಒಟ್ಟು 22.4 ಚದರ ಮಿ.ಮೀ., 0.224 ಚದರ ಸೆಂ.ಮೀ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಕರೆಂಟನ್ನು ಬರೆಯುವಾಗ ಯಾವಾಗಲೂ ಒಂದು ಚದರ ಸೆಂ.ಮೀ.ಗೆ ಎಷ್ಟು ಅಂತ ಬರೆಯಿರಿ.

ಉಳಿದ ಎರಡು ಎಲೆಕ್ಟ್ರೋಡ್

ರೆಫರೆನ್ಸ್ ಆಗಿ, ಅಂದರೆ ಕಡ್ಡಿಯ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಆ ಎಲೆಕ್ಟ್ರೋಡಾಗಿ, ಸಿಲ್ವರ್-ಸಿಲ್ವರ್ ಕ್ಲೋರೈಡ್ ಸಾಕು. ಲ್ಯಾಬಿನಲ್ಲಿ ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಬಂಗಾರದ ಅಂಗಡಿಯಲ್ಲಿ ಶುದ್ಧ ಬೆಳ್ಳಿಯ ತಂತಿ ಕೇಳಿ. ಆಭರಣದ ಬೆಳ್ಳಿ ಬೇಡ, ಅದರಲ್ಲಿ ತಾಮ್ರ ಇರುತ್ತದೆ. ತಂತಿಯನ್ನು ಮರಳು ಕಾಗದದಿಂದ ಉಜ್ಜಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಟ್ಟು, ಬ್ಯಾಟರಿಯ ಪ್ಲಸ್ ಕೊನೆಗೆ ರೆಸಿಸ್ಟರ್ ಮೂಲಕ ಜೋಡಿಸಿ. ಸ್ವಲ್ಪ ಹೊತ್ತಿನಲ್ಲಿ ತಂತಿ ಕಂದು-ಬೂದು ಬಣ್ಣಕ್ಕೆ ತಿರುಗುತ್ತದೆ. 3 ಮೋಲಾರ್ ಪೊಟ್ಯಾಸಿಯಮ್ ಕ್ಲೋರೈಡಿನಲ್ಲಿ ಅಗರ್ ಕರಗಿಸಿ ಗಾಜಿನ ಡ್ರಾಪರಿನ ತುದಿಗೆ ತುಂಬಿ ಗಟ್ಟಿಯಾಗಲು ಬಿಡಿ. ಮೇಲೆ ಅದೇ ಉಪ್ಪಿನ ದ್ರಾವಣ ಹಾಕಿ ತಂತಿ ಇಳಿಸಿ. ಲ್ಯಾಬಿನ ಒಳ್ಳೆಯ ರೆಫರೆನ್ಸ್ ಜೊತೆ ಮಲ್ಟಿಮೀಟರಿನಲ್ಲಿ ಹೋಲಿಸಿ. ವ್ಯತ್ಯಾಸ ಕೆಲವೇ ಮಿಲಿವೋಲ್ಟ್ ಆಗಿದ್ದು ಅಲುಗಾಡದೆ ನಿಂತರೆ ಸಾಕು.

ಕೌಂಟರ್ ಎಲೆಕ್ಟ್ರೋಡಿಗೆ, ಅಂದರೆ ಕಡ್ಡಿಯ ಕರೆಂಟಿಗೆ ಇನ್ನೊಂದು ಕೊನೆಯಾಗಿ ನಿಲ್ಲುವುದಕ್ಕೆ, ಗ್ರಾಫೈಟ್ ಸಲಾಕೆ ಬಳಸಿ, ಪ್ಲಾಟಿನಮ್ ಬೇಡ. ಇದು ದುಡ್ಡು ಉಳಿಸುವ ಮಾತಲ್ಲ. ಆಮ್ಲದಲ್ಲಿ, ಅದರಲ್ಲೂ ಕ್ಲೋರೈಡ್ ಇದ್ದಾಗ, ಪ್ಲಾಟಿನಮ್ ಅತಿ ಸ್ವಲ್ಪ ಕರಗಿ ನಮ್ಮ ಪದರದ ಮೇಲೆ ಬಂದು ಕೂರಬಹುದು. ಆಮೇಲೆ ವೇಗವರ್ಧನೆ ಪಾಲಿಮರಿನದ್ದೋ ಪ್ಲಾಟಿನಮಿನದ್ದೋ ಹೇಳಲು ಬರುವುದಿಲ್ಲ. ಹೈಡ್ರೋಜನ್ ಬಿಡಿಸುವ ವೇಗವರ್ಧಕಗಳ ಬಗ್ಗೆ ಕೆಲಸ ಮಾಡುವವರು ಇದನ್ನು ಇನ್ನೂ ಬಿಗಿಯಾಗಿ ಪಾಲಿಸಬೇಕು. ಸಲಾಕೆಯ ಮುಳುಗಿದ ಭಾಗ ಪೆನ್ಸಿಲ್ ಕಡ್ಡಿಗಿಂತ ಎಷ್ಟೋ ಪಟ್ಟು ದೊಡ್ಡದಿರಲಿ.

ಪದರ ಬೆಳೆಸುವುದು

ಅನಿಲೀನ್ ಬಾಟಲಿ ನೋಡಿ. ಬಣ್ಣ ಇಲ್ಲದೆ ಅಥವಾ ತೀರಾ ತೆಳು ಹಳದಿ ಇದ್ದರೆ ಸರಿ. ಕಟ್ಟಂಚಾಯದ ಬಣ್ಣ ಬಂದಿದ್ದರೆ ಅದು ಗಾಳಿಗೆ ಹಾಳಾಗಿದೆ. ಮೇಷ್ಟ್ರ ಕೈಯಲ್ಲಿ ಸ್ವಲ್ಪ ಸತುವಿನ ಪುಡಿ ಹಾಕಿ, ಒತ್ತಡ ಇಳಿಸಿ ಬಟ್ಟಿ ಇಳಿಸಬೇಕು. ಕಂದು ಅನಿಲೀನಿನಿಂದಲೂ ಪದರ ಬರುತ್ತದೆ, ಆದರೆ ಪ್ರತಿ ಸಲ ಬೇರೆ ಬೇರೆ.

ಸುಮಾರು 80 ಮಿ.ಲೀ. ನೀರಿಗೆ 5.5 ಮಿ.ಲೀ. ಸಾಂದ್ರ ಗಂಧಕಾಮ್ಲವನ್ನು ನಿಧಾನವಾಗಿ ಸೇರಿಸಿ ತಣಿಯಲು ಬಿಡಿ. ಅದಕ್ಕೆ 0.91 ಮಿ.ಲೀ. ಅನಿಲೀನ್ ಹಾಕಿ ಕಲಕಿ. ಮೊದಲಿಗೆ ಬಿಳಿ ಹರಳು ಕಂಡರೆ ಹೆದರಬೇಡಿ, ಅದು ಅನಿಲೀನ್ ಸಲ್ಫೇಟ್, ಕಲಕಿದರೆ ಕರಗುತ್ತದೆ. ಒಟ್ಟು 100 ಮಿ.ಲೀ. ಮಾಡಿ. ಈಗ ನಿಮ್ಮ ಹತ್ತಿರ 1 ಮೋಲಾರ್ ಆಮ್ಲದಲ್ಲಿ 0.1 ಮೋಲಾರ್ ಅನಿಲೀನ್ ಇದೆ. ಅದೇ ದಿನ ಬಳಸಿ.

ಎಲೆಕ್ಟ್ರೋಡಿನ ವೋಲ್ಟೇಜನ್ನು ಹಿಡಿತದಲ್ಲಿಟ್ಟು ಕರೆಂಟ್ ಅಳೆಯುವ ಯಂತ್ರಕ್ಕೆ ಪೊಟೆನ್ಶಿಯೋಸ್ಟ್ಯಾಟ್ ಅನ್ನುತ್ತಾರೆ. ಸೈಕ್ಲಿಕ್ ವೋಲ್ಟಾಮೆಟ್ರಿ, ಅಂದರೆ ವೋಲ್ಟೇಜನ್ನು ಎರಡು ಮಿತಿಗಳ ನಡುವೆ ಸುತ್ತು ಸುತ್ತಾಗಿ ಏರಿಳಿಸುವುದು, ಮಾಡಬಲ್ಲ ಅಂಥದ್ದೊಂದು ಇದ್ದರೆ ಅದೇ ಒಳ್ಳೆಯ ದಾರಿ. ಮಿತಿ ಮೈನಸ್ 0.2ರಿಂದ ಪ್ಲಸ್ 0.9 ವೋಲ್ಟ್, ವೇಗ ಸೆಕೆಂಡಿಗೆ 50 ಮಿಲಿವೋಲ್ಟ್. ಒಂದು ಸುತ್ತಿಗೆ 44 ಸೆಕೆಂಡ್.

ಈಗ ಪರದೆಯಲ್ಲಿ ವೋಲ್ಟೇಜಿಗೆ ತಕ್ಕಂತೆ ಮೂಡುವ ಕರೆಂಟಿನ ಗೆರೆಯ ಮೇಲೆ ಕಣ್ಣಿಡಿ, ಎದ್ದು ಹೋಗಬೇಡಿ. ಮೊದಲ ಸುತ್ತಿನಲ್ಲಿ 0.8 ದಾಟುವಾಗ ಕರೆಂಟ್ ಏಕಾಏಕಿ ಏರುತ್ತದೆ. ಅದು ಅನಿಲೀನ್ ಉತ್ಕರ್ಷಣೆಗೊಂಡು ಸರಪಳಿ ಶುರುವಾಗುವ ಗುರುತು. ಎರಡು ಮೂರು ಸುತ್ತಿನಲ್ಲಿ 0.2 ವೋಲ್ಟಿನ ಆಸುಪಾಸು ಒಂದು ಗುಡ್ಡ, 0.7ರ ಆಸುಪಾಸು ಇನ್ನೊಂದು ಏಳುತ್ತದೆ. ಮೊದಲನೆಯದು ಹಳದಿ ರೂಪ ಹಸಿರಾಗುವುದು, ಎರಡನೆಯದು ಹಸಿರು ನೀಲಿಯಾಗುವುದು. ಇವೆರಡೂ ಸುತ್ತಿನಿಂದ ಸುತ್ತಿಗೆ ಎತ್ತರ ಆಗುತ್ತಾ ಹೋಗಬೇಕು.

ಗುಡ್ಡಗಳು ಸ್ಪಷ್ಟವಾದ ಕೂಡಲೇ ಮೇಲಿನ ಮಿತಿಯನ್ನು 0.8ಕ್ಕೆ ಇಳಿಸಿ. ಪಾಲಿಅನಿಲೀನ್ ತನ್ನ ಬೆಳವಣಿಗೆಯನ್ನು ತಾನೇ ಚುರುಕುಗೊಳಿಸುತ್ತದೆ, ಶುರುವಾದ ಮೇಲೆ ಅಷ್ಟು ವೋಲ್ಟೇಜ್ ಬೇಕಾಗುವುದಿಲ್ಲ. ಇಳಿಸದಿದ್ದರೆ ಎರಡು ಗುಡ್ಡಗಳ ನಡುವೆ, 0.5ರ ಹತ್ತಿರ, ಮೂರನೆಯದೊಂದು ದಪ್ಪವಾಗುತ್ತದೆ. ಅದು ಸರಪಳಿ ತುಂಡಾಗಿ ಬೆಂಜೋಕ್ವಿನೋನ್ ತರದ ವಸ್ತು ಹುಟ್ಟುತ್ತಿರುವ ಲಕ್ಷಣ. ಎಷ್ಟು ಜಾಗ್ರತೆ ಮಾಡಿದರೂ ಅದು ಸ್ವಲ್ಪ ಕಾಣುತ್ತದೆ. ಪಕ್ಕದ ಗುಡ್ಡಗಳಿಗೆ ಸಮ ಆಗುವಷ್ಟು ಬೆಳೆದರೆ ಆ ಕಡ್ಡಿಯನ್ನು ಬಿಟ್ಟು ಹೊಸದು ಹಿಡಿಯಿರಿ. ಒಟ್ಟು 15ರಿಂದ 20 ಸುತ್ತು ಸಾಕು. ದಪ್ಪ ಪದರ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ದಪ್ಪ ಆದಷ್ಟು ಒಳಗಿನ ಪದರಕ್ಕೆ ವಿಟಮಿನ್ ಸಿ ತಲುಪುವುದೇ ಇಲ್ಲ, ಪದರದ ಸ್ವಂತ ಕರೆಂಟ್ ಮಾತ್ರ ಬೆಳೆಯುತ್ತದೆ.

ಯಂತ್ರ ಇಲ್ಲದಿದ್ದರೆ? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದವರು 2011ರಲ್ಲಿ ಚೀಪ್‌ಸ್ಟ್ಯಾಟ್ ಅನ್ನುವ ಸಣ್ಣ ಪೊಟೆನ್ಶಿಯೋಸ್ಟ್ಯಾಟಿನ ನಕ್ಷೆಯನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳೆಯರು ಕೈಜೋಡಿಸಿದರೆ ಕಟ್ಟಬಹುದು. ಬರಿ ಬೆಳೆಸುವುದಕ್ಕಾದರೆ 9 ವೋಲ್ಟ್ ಬ್ಯಾಟರಿ, 150 ಕಿಲೋಓಮ್ ರೆಸಿಸ್ಟರ್ ಸಾಕು. ಸೆಲ್ಲಿನಲ್ಲಿ ಸುಮಾರು 1 ವೋಲ್ಟ್ ಇಳಿಯುತ್ತದೆ ಅಂತಿಟ್ಟುಕೊಂಡರೆ ಉಳಿದ 8 ವೋಲ್ಟಿಗೆ 0.053 ಮಿಲಿಆಂಪ್ ಹರಿಯುತ್ತದೆ. 10 ನಿಮಿಷಕ್ಕೆ 32 ಮಿಲಿಕೂಲಂ. ಕಡ್ಡಿಯನ್ನು ಪ್ಲಸ್‌ಗೆ, ಸಲಾಕೆಯನ್ನು ಮೈನಸ್‌ಗೆ ಜೋಡಿಸಿ. ಪದರ ಚೆನ್ನಾಗೇ ಬರುತ್ತದೆ. ಆದರೆ ಮುಂದಿನ ಪರೀಕ್ಷೆಗೆ ಹೇಗೂ ಪೊಟೆನ್ಶಿಯೋಸ್ಟ್ಯಾಟ್ ಬೇಕು.

ಗೇರು ಹಣ್ಣಾಗುವ ಏಪ್ರಿಲ್, ಮೇ ತಿಂಗಳೆಂದರೆ ನಮ್ಮಲ್ಲಿ ಸಂಜೆ ಗುಡುಗು ಮಳೆ, ಕರೆಂಟ್ ಹೋಗುವ ಕಾಲ. ಬೆಳೆಸುವ ಕೆಲಸವನ್ನು ಬೆಳಿಗ್ಗೆ ಇಟ್ಟುಕೊಳ್ಳಿ, ಇಲ್ಲ ಯುಪಿಎಸ್ ಮೇಲೆ ನಡೆಸಿ. ಅರ್ಧಕ್ಕೆ ನಿಂತರೆ ಕಡ್ಡಿಯನ್ನು ಕೂಡಲೇ ದ್ರಾವಣದಿಂದ ಎತ್ತಿ ಆಮ್ಲದಲ್ಲಿ ತೊಳೆಯಿರಿ. ನಿಂತಲ್ಲಿಂದ ಮುಂದುವರಿಸಿದ ಪದರವನ್ನು ಬೇರೆಯವುಗಳ ಜೊತೆ ಹೋಲಿಸಬೇಡಿ.

ಬೆಳೆದ ಮೇಲೆ ಅನಿಲೀನ್ ಇಲ್ಲದ 1 ಮೋಲಾರ್ ಆಮ್ಲದಲ್ಲಿ ತೊಳೆದು, ಅದೇ ಆಮ್ಲದಲ್ಲಿ ಮೈನಸ್ 0.2ರಿಂದ 0.7ರವರೆಗೆ ಐದಾರು ಸುತ್ತು ಓಡಿಸಿ. ಒಂದರ ಮೇಲೊಂದು ಗೆರೆ ಸರಿಯಾಗಿ ಕೂರುವವರೆಗೆ ನಿಲ್ಲಿಸಬೇಡಿ. ಪದರದೊಳಗೆ ಸಿಕ್ಕಿದ ಅನಿಲೀನ್ ಆಗ ಹೊರಗೆ ಬರುತ್ತದೆ. 0.2 ವೋಲ್ಟಿನ ಗುಡ್ಡದ ಎತ್ತರ ಬರೆದಿಡಿ. ಅದು ಈ ಕಡ್ಡಿಯ ಆರೋಗ್ಯದ ಅಳತೆ. ಒಣಗಲು ಬಿಡಬೇಡಿ, ಒಣಗಿದರೆ ಪದರ ಕುಗ್ಗಿ ಬಿರುಕು ಬಿಡುತ್ತದೆ.

ವೇಗವರ್ಧಕ ಹೌದೋ ಅಲ್ಲವೋ

ಇಲ್ಲಿಂದ ನಿಜವಾದ ಕೆಲಸ. ಪಿಎಚ್ 4ರ ಅಸಿಟೇಟ್ ಬಫರ್ ಮಾಡಿ: 0.2 ಮೋಲಾರ್ ಅಸಿಟಿಕ್ ಆಮ್ಲ 82 ಪಾಲು, 0.2 ಮೋಲಾರ್ ಸೋಡಿಯಮ್ ಅಸಿಟೇಟ್ 18 ಪಾಲು, ಪಿಎಚ್ ಮೀಟರ್ ನೋಡಿ ಸರಿಮಾಡಿ. ಕುದಿಸಿ ತಣಿಸಿದ ನೀರಿನಲ್ಲಿ ವಿಟಮಿನ್ ಸಿ ದ್ರಾವಣ ಮಾಡಿ: 0.44 ಗ್ರಾಂ 25 ಮಿ.ಲೀ.ಗೆ, ಅಂದರೆ 100 ಮಿಲಿಮೋಲಾರ್. ಕಂದು ಬಾಟಲಿಯಲ್ಲಿ, ತಂಪಿನಲ್ಲಿ ಇಟ್ಟು ಅದೇ ದಿನ ಮುಗಿಸಿ.

ನಾಲ್ಕು ಓಟ ಬೇಕು. ಬರಿ ಕಡ್ಡಿ ಖಾಲಿ ಬಫರಿನಲ್ಲಿ. ಬರಿ ಕಡ್ಡಿ ವಿಟಮಿನ್ ಸಿ ಇರುವ ಬಫರಿನಲ್ಲಿ. ಪದರದ ಕಡ್ಡಿ ಖಾಲಿ ಬಫರಿನಲ್ಲಿ. ಪದರದ ಕಡ್ಡಿ ವಿಟಮಿನ್ ಸಿಯಲ್ಲಿ. ವೇಗ ಸೆಕೆಂಡಿಗೆ 10 ಮಿಲಿವೋಲ್ಟ್, ನಾಲ್ಕಕ್ಕೂ ಒಂದೇ. ಮೂರನೆಯದನ್ನು ಬಿಡುವವರೇ ಜಾಸ್ತಿ, ಮೋಸ ಹೋಗುವುದೂ ಅಲ್ಲೇ. ಪಾಲಿಅನಿಲೀನ್ ಪದರ ತನ್ನಷ್ಟಕ್ಕೇ ವಿದ್ಯುತ್ತನ್ನು ತುಂಬಿಕೊಂಡು ಬಿಡುತ್ತದೆ. ವಿಟಮಿನ್ ಸಿ ಒಂದು ಕಣ ಇಲ್ಲದಿದ್ದರೂ ಅದರ ಗೆರೆ ಬರಿ ಕಡ್ಡಿಗಿಂತ ಎಷ್ಟೋ ಪಟ್ಟು ಉಬ್ಬಿರುತ್ತದೆ. ಎರಡನೇ ಮತ್ತು ನಾಲ್ಕನೇ ಓಟವನ್ನು ಮಾತ್ರ ಪಕ್ಕದಲ್ಲಿಟ್ಟು "ಕರೆಂಟ್ ಹತ್ತು ಪಟ್ಟು ಆಯಿತು" ಅಂತ ಬರೆದರೆ ಅದು ಪದರದ ಉಬ್ಬು, ವೇಗವರ್ಧನೆ ಅಲ್ಲ. ನಾಲ್ಕರಿಂದ ಮೂರನ್ನು ಕಳೆಯಿರಿ. ಉಳಿದದ್ದನ್ನು ಎರಡರ ಜೊತೆ ಹೋಲಿಸಿ.

ನೋಡಬೇಕಾದ್ದು ಎತ್ತರ ಅಲ್ಲ, ಜಾಗ. ವಿಟಮಿನ್ ಸಿಯ ಗುಡ್ಡ ಎಡಕ್ಕೆ, ಅಂದರೆ ಕಡಿಮೆ ವೋಲ್ಟಿಗೆ ಸರಿಯಿತಾ? ನೂರು ಮಿಲಿವೋಲ್ಟಿಗಿಂತ ಜಾಸ್ತಿ ಸರಿದರೆ ನಂಬಲು ಕಾರಣ ಇದೆ. ಪೂರ್ತಿ ನಂಬುವ ಮೊದಲು ಇನ್ನೊಂದು ಸಂಶಯ ಬಗೆಹರಿಸಬೇಕು. ಪದರ ಸ್ಪಂಜಿನಂತೆ ತೂತುತೂತು. ಒಳಗೆ ಸಿಕ್ಕಿಬಿದ್ದ ದ್ರಾವಣದಲ್ಲಿನ ವಿಟಮಿನ್ ಸಿ ದೂರದಿಂದ ಬರಬೇಕಾಗಿಲ್ಲ, ಹಾಗಾಗಿ ಯಾವ ವೇಗವರ್ಧನೆಯೂ ಇಲ್ಲದೆ ಗುಡ್ಡ ಎಡಕ್ಕೆ ಸರಿದಂತೆ ಕಾಣಬಹುದು. ಪತ್ತೆ ಮಾಡಲು ಓಟದ ವೇಗವನ್ನು 5, 10, 20, 50, 100 ಮಿಲಿವೋಲ್ಟ್ ಹೀಗೆ ಬದಲಿಸಿ. ಕಳೆದು ಉಳಿದ ಕರೆಂಟ್ ವೇಗದ ವರ್ಗಮೂಲಕ್ಕೆ ಸರಿಯಾಗಿ ಏರಿದರೆ ವಿಟಮಿನ್ ಸಿ ಹೊರಗಿನ ದ್ರಾವಣದಿಂದ ಬರುತ್ತಿದೆ. ನೇರ ವೇಗಕ್ಕೇ ಸರಿಯಾಗಿ ಏರಿದರೆ ಒಳಗೆ ಸಿಕ್ಕಿದ್ದೇ ಮಾತಾಡುತ್ತಿದೆ.

ನನಗೆ ಇದೆಲ್ಲಕ್ಕಿಂತ ಮೆಚ್ಚಿಗೆಯಾದದ್ದು ಸ್ಥಿರ ವೋಲ್ಟೇಜಿನ ಪರೀಕ್ಷೆ. ಬರಿ ಕಡ್ಡಿಯಲ್ಲಿ ವಿಟಮಿನ್ ಸಿ ಇನ್ನೂ ಏಳದ, ಪದರದಲ್ಲಿ ಚೆನ್ನಾಗಿ ಎದ್ದ ವೋಲ್ಟೇಜ್ ಒಂದನ್ನು ನಿಮ್ಮ ಗೆರೆಗಳಿಂದಲೇ ಆರಿಸಿ. ಅಲ್ಲಿ ನಿಲ್ಲಿಸಿ, ದ್ರಾವಣವನ್ನು ಒಂದೇ ವೇಗದಲ್ಲಿ ಕಲಕುತ್ತಾ ಕರೆಂಟ್ ನೋಡಿ. ಪದರ ತುಂಬಿಕೊಳ್ಳುವ ಕರೆಂಟ್ ಸ್ವಲ್ಪ ಹೊತ್ತಿನಲ್ಲಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಈಗ ವಿಟಮಿನ್ ಸಿ ಹನಿಸಿ. ಕರೆಂಟ್ ಮೆಟ್ಟಿಲು ಹತ್ತಿದ ಹಾಗೆ ಏರಿ ಅಲ್ಲೇ ನಿಲ್ಲಬೇಕು. ಇನ್ನೊಂದು ಸಲ ಹನಿಸಿ, ಇನ್ನೊಂದು ಮೆಟ್ಟಿಲು. ಏರಿ ಹಾಗೇ ಕೆಳಗೆ ಜಾರಿದರೆ ಪದರ ಒಂದು ಸಲ ಕೊಟ್ಟು ಸುಮ್ಮನಾಗಿದೆ, ಮತ್ತೆ ಸಿದ್ಧವಾಗುತ್ತಿಲ್ಲ. ಅದನ್ನು ವೇಗವರ್ಧಕ ಅನ್ನಲು ಬರುವುದಿಲ್ಲ.

ಗೇರುಹಣ್ಣಿನ ರಸ

ಬೆಳಿಗ್ಗೆ ಬಿದ್ದ ಗಟ್ಟಿ ಹಣ್ಣು ಆರಿಸಿ. ಬೀಜವನ್ನು ತಿರುಗಿಸಿ ತೆಗೆಯುವಾಗ ಸಿಪ್ಪೆಯ ಸೊನೆ ಹಣ್ಣಿಗೆ ತಾಗಬಾರದು, ಕೈಗೂ ತಾಗಬಾರದು. ಸ್ಟೀಲ್ ಚಾಕುವಿನಲ್ಲಿ ಹೆಚ್ಚಿ, ಬಟ್ಟೆಯಲ್ಲಿ ಹಿಂಡಿ, ಐಸಿನಲ್ಲಿ ಇಡಿ. ಕಬ್ಬಿಣದ ಮೆಟ್ಟುಕತ್ತಿ, ತಾಮ್ರದ ಪಾತ್ರೆ ಬೇಡ.

ಚೊಗರು ಇಳಿಸಲು ಗಂಜಿ ತೆಳಿ ಅಥವಾ ಬೇಯಿಸಿದ ಸಾಬಕ್ಕಿ ಸೇರಿಸುವುದು ನಮ್ಮ ಕಡೆ ಗೊತ್ತಿರುವ ದಾರಿ. ಟ್ಯಾನಿನ್ ಅದರ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ. ಶರಬತ್ತಿಗೆ ಅದು ಸರಿ. ಅಳತೆಗೆ ಮೊದಲ ಸಲ ಹಾಗೇ ರಸ ತೆಗೆದುಕೊಳ್ಳಿ, ಆಮೇಲೆ ತೆಳಿ ಹಾಕಿದ್ದನ್ನೂ ಅಳೆಯಿರಿ. ತೆಳಿಯಿಂದ ರಸ ಎಷ್ಟು ತೆಳುವಾಯಿತು ಅಂತ ಲೆಕ್ಕ ಹಿಡಿದ ಮೇಲೂ ಎರಡು ಅಂಕಿ ಹತ್ತಿರ ಬಂದರೆ ಟ್ಯಾನಿನ್ ತೊಂದರೆ ಕೊಟ್ಟಿಲ್ಲ ಅನ್ನಬಹುದು.

2 ಮಿ.ಲೀ. ಸೋಸಿದ ರಸಕ್ಕೆ 18 ಮಿ.ಲೀ. ಬಫರ್ ಸೇರಿಸಿ. ಆರಿಸಿದ ವೋಲ್ಟೇಜಿನಲ್ಲಿ ಕರೆಂಟ್ ನಿಲ್ಲುವವರೆಗೆ ಕಾಯಿರಿ. ಆಮೇಲೆ 100 ಮಿಲಿಮೋಲಾರ್ ದ್ರಾವಣವನ್ನು 0.2 ಮಿ.ಲೀ.ಯಂತೆ ಎರಡು ಮೂರು ಸಲ ಹಾಕಿ. ಒಂದೊಂದು ಸಲಕ್ಕೂ ಸುಮಾರು 1 ಮಿಲಿಮೋಲಾರ್ ಏರುತ್ತದೆ. ರಸದ ಒಳಗೇ ಹೀಗೆ ಸೇರಿಸಿ ಅಳೆಯುವುದಕ್ಕೆ ಕಾರಣ ಇದೆ: ರಸದ ಸಕ್ಕರೆ, ಪೆಕ್ಟಿನ್ ಎಲ್ಲಾ ಮೆಟ್ಟಿಲಿನ ಎತ್ತರವನ್ನು ಬದಲಿಸುತ್ತವೆ. ಶುದ್ಧ ಬಫರಿನಲ್ಲಿ ಎಳೆದ ಗೆರೆಗೆ ಹೋಲಿಸಿದರೆ ಅಂಕಿ ತಪ್ಪುತ್ತದೆ.

ಲೆಕ್ಕ ಹೀಗೆ. ಸುಲಭದ ಅಂಕಿ ಇಟ್ಟುಕೊಳ್ಳೋಣ: ರಸ ಮಾತ್ರ ಇದ್ದಾಗ 30 ಮೈಕ್ರೋಆಂಪ್, ಒಂದು ಸಲ ಹಾಕಿದ ಮೇಲೆ 55, ಎರಡನೇ ಸಲ 80. ಒಂದು ಮಿಲಿಮೋಲಾರಿಗೆ 25. ಹಾಗಾದರೆ 30ಕ್ಕೆ 1.2 ಮಿಲಿಮೋಲಾರ್. ರಸವನ್ನು ಹತ್ತು ಪಟ್ಟು ತೆಳು ಮಾಡಿದ್ದೇವೆ, ಮೂಲದಲ್ಲಿ 12. ಅಣುಭಾರ 176ರಿಂದ ಗುಣಿಸಿದರೆ ಲೀಟರಿಗೆ 2112 ಮಿ.ಗ್ರಾಂ, 100 ಮಿ.ಲೀ.ಗೆ 211.

ಬಂದ ಕರೆಂಟ್ ವಿಟಮಿನ್ ಸಿಯದ್ದೇ ಅಂತ ಹೇಗೆ ಹೇಳುವುದು? ಇದಕ್ಕೆ ಮುಳ್ಳುಸೌತೆ ಸಾಕು. ಅದರಲ್ಲಿ ಆಸ್ಕಾರ್ಬೇಟ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಅದು ಗಾಳಿಯ ಆಮ್ಲಜನಕ ಬಳಸಿ ವಿಟಮಿನ್ ಸಿಯನ್ನು ಆರಿಸಿ ನಾಶ ಮಾಡುತ್ತದೆ. ಮುಳ್ಳುಸೌತೆ ತುರಿದು ಹಿಂಡಿ ಸೋಸಿ. ಅರ್ಧವನ್ನು ಕುದಿಸಿ ತಣಿಸಿ, ಅದರಲ್ಲಿ ಕಿಣ್ವ ಸಾಯುತ್ತದೆ. ಗೇರುರಸದ ಪಿಎಚ್ ಅನ್ನು ತೆಳು ಕ್ಷಾರದ ಹನಿಗಳಿಂದ 6ರ ಹತ್ತಿರ ತನ್ನಿ, ದಾಟಿಸಬೇಡಿ. ಕ್ಷಾರ ಜಾಸ್ತಿಯಾದರೆ ಟ್ಯಾನಿನ್ ತಾನೇ ಕಪ್ಪಾಗುತ್ತದೆ. 5 ಮಿ.ಲೀ. ಗೇರುರಸಕ್ಕೆ 5 ಮಿ.ಲೀ. ಹಸಿ ಸೌತೆರಸ ಒಂದು ಲೋಟದಲ್ಲಿ, ಕುದಿಸಿದ್ದು ಇನ್ನೊಂದರಲ್ಲಿ. ಅರ್ಧ ಗಂಟೆ ಆಗಾಗ ಅಲ್ಲಾಡಿಸಿ. ಆಮೇಲೆ ಎರಡರಿಂದಲೂ 4 ಮಿ.ಲೀ. ತೆಗೆದು 16 ಮಿ.ಲೀ. ಬಫರಿಗೆ ಹಾಕಿ, ಪಿಎಚ್ 4ಕ್ಕೆ ಸರಿಮಾಡಿ ಅಳೆಯಿರಿ. ಎರಡರ ವ್ಯತ್ಯಾಸವೇ ವಿಟಮಿನ್ ಸಿ. ಹಸಿ ಸೌತೆಯ ಲೋಟದಲ್ಲಿ ಉಳಿದ ಕರೆಂಟ್ ಬೇರೆಯವರದ್ದು. ಅದು ಜಾಸ್ತಿ ಇದ್ದರೆ ವೋಲ್ಟೇಜನ್ನು ಇನ್ನಷ್ಟು ಕೆಳಗೆ ಇಳಿಸಿ ಮತ್ತೆ ನೋಡಿ.

ಅಯೋಡಿನ್ ಟೈಟ್ರೇಶನ್ ಜೊತೆಗೂ ಹೋಲಿಸಿ. ಅದರ ಅಂಕಿ ಸ್ವಲ್ಪ ಮೇಲೆ ಬಂದರೆ ಗಾಬರಿ ಬೇಡ, ಟ್ಯಾನಿನ್ ಕೂಡ ಅಯೋಡಿನ್ ತಿನ್ನುತ್ತದೆ. ತೆಳಿ ಹಾಕಿದ ರಸದಲ್ಲಿ ಎರಡು ವಿಧಾನಗಳೂ ಹತ್ತಿರ ಬರಬೇಕು.

ಕೈಕೊಟ್ಟಾಗ

ಪದರ ಪುಡಿಪುಡಿಯಾಗಿ ಉದುರಿದರೆ ಕಡ್ಡಿಯಲ್ಲಿ ಎಣ್ಣೆ ಉಳಿದಿದೆ, ಇಲ್ಲ ಪದರ ದಪ್ಪ ಆಗಿದೆ. ಬಣ್ಣ ನೀಲಿಯಾಗಿಯೇ ನಿಂತು ಹಸಿರಿಗೆ ಬರದಿದ್ದರೆ ಆಮ್ಲ ಸಾಲದು. ಗೆರೆ ನಡುಗುತ್ತಿದ್ದರೆ ಮೊದಲು ಕ್ರೊಕೊಡೈಲ್ ಕ್ಲಿಪ್ ನೋಡಿ. ಮಳೆಗಾಲದ ಇಲ್ಲಿನ ತೇವಕ್ಕೆ ಅದರ ಹಲ್ಲು ಬೇಗ ತುಕ್ಕು ಹಿಡಿಯುತ್ತದೆ, ದೋಷ ಹೆಚ್ಚಾಗಿ ಅಲ್ಲೇ ಇರುತ್ತದೆ. ಗುಡ್ಡಗಳೆಲ್ಲ ಒಂದೇ ಕಡೆ ಸರಿದಿದ್ದರೆ ರೆಫರೆನ್ಸಿನ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿರಬಹುದು.

ಟ್ಯಾನಿನ್ ಪದರಕ್ಕೆ ಅಂಟುತ್ತದೆ. ಪ್ರತಿ ರಸದ ನಂತರ 1 ಮೋಲಾರ್ ಆಮ್ಲದಲ್ಲಿ ತೊಳೆದು ಎರಡು ಸುತ್ತು ಓಡಿಸಿ, ಬರೆದಿಟ್ಟ 0.2 ವೋಲ್ಟಿನ ಎತ್ತರದ ಜೊತೆ ನೋಡಿ. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದಿದ್ದರೆ ಆ ಕಡ್ಡಿಯ ಕೆಲಸ ಮುಗಿಯಿತು. ಪೆನ್ಸಿಲ್ ಕಡ್ಡಿಯ ದೊಡ್ಡ ಗುಣವೇ ಅದು, ಬಿಸಾಡಲು ಮನಸ್ಸು ಹಿಂಜರಿಯುವುದಿಲ್ಲ. ಒಂದೇ ಕಡ್ಡಿಯ ಫಲಿತಾಂಶವನ್ನು ಫಲಿತಾಂಶ ಅನ್ನಬೇಡಿ. ಕನಿಷ್ಠ ಮೂರು ಕಡ್ಡಿ ಬೇರೆ ಬೇರೆಯಾಗಿ ಬೆಳೆಸಿ, ಮೂರರ ಅಂಕಿಯನ್ನೂ ಕೊಡಿ. ಮರುದಿನಕ್ಕೆ ಇಡಬೇಕಾದರೆ ತೆಳು ಆಮ್ಲದಲ್ಲಿ ಮುಳುಗಿಸಿ, ಮುಚ್ಚಿ, ತಂಪಿನಲ್ಲಿ ಇಡಿ.

ಉಳಿದ ಅನಿಲೀನ್ ದ್ರಾವಣ, ಮೊದಲ ತೊಳೆದ ನೀರು, ಒರೆಸಿದ ಕಾಗದ ಇವು ಯಾವುದೂ ಸಿಂಕಿಗೆ ಹೋಗಬಾರದು. ನಮ್ಮ ಮುರಕಲ್ಲು ನೆಲ ನೀರನ್ನು ಬೇಗ ಕೆಳಗೆ ಬಿಡುತ್ತದೆ, ಬಾವಿ ಇರುವುದು ಕೆಲವೇ ಗಜ ದೂರದಲ್ಲಿ. ದ್ರವವನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೂ, ಕಾಗದ ಮತ್ತು ಗವಸನ್ನು ಮುಚ್ಚಿದ ಡಬ್ಬಿಗೂ ತುಂಬಿ. ಮೇಲೆ ಹೆಸರು, ತಾರೀಕು ಬರೆದು, ಕಾಲೇಜಿನ ಅಪಾಯಕಾರಿ ತ್ಯಾಜ್ಯದ ಜೊತೆ ಕಳಿಸಿ.